ಬಹ್ರೇನ್ ಟೆಸ್ಟಿಂಗ್: ಪಟ್ಟಿ ಹಾಕುವ ಮುನ್ನ ಓದಿ

ಎಲ್ಲರಿಗೂ ನಮಸ್ಕಾರ 🙏

ಬುಧವಾರದಿಂದ ಶುಕ್ರವಾರದವರೆಗೆ ಸಾಖಿರ್ ಟ್ರ್ಯಾಕ್‌ನಲ್ಲಿ ಫಾರ್ಮುಲಾ 1 ಟೆಸ್ಟಿಂಗ್, ಅಂದ್ರೆ ಸೀಸನ್ ಶುರುವಾಗೋ ಮುಂಚೆ ಕಾರುಗಳ ಪರೀಕ್ಷಾ ಓಟ. ನಮ್ಮ ಸಮಯ ಮಧ್ಯಾಹ್ನ 12.30ರಿಂದ ರಾತ್ರಿ 9.30. ಊಹೆ ಸ್ಪರ್ಧೆಗೆ ಹೆಸರು ಕೊಟ್ಟವರು ಭಾನುವಾರ ರಾತ್ರಿ 9ರೊಳಗೆ ನಿಮ್ಮ ಪ್ರಕಾರ ಮೊದಲ ಐದು ತಂಡಗಳು ಯಾವುವು ಅಂತ ಇಲ್ಲೇ ಹಾಕಿ.

ದಯವಿಟ್ಟು ದಿನದ ಕೊನೆಯ ಟೈಮಿಂಗ್ ಪಟ್ಟಿಯನ್ನೇ ಎತ್ತಿ ಹಾಕಬೇಡಿ. ಯಾರ ಟ್ಯಾಂಕಲ್ಲಿ ಎಷ್ಟು ಇಂಧನ ಇತ್ತು ಅಂತ ತಂಡದವರು ಹೇಳಲ್ಲ. 10 ಕೆಜಿ ಹೆಚ್ಚಿದ್ದರೇ ಲ್ಯಾಪಿಗೆ ಸುಮಾರು 0.3 ಸೆಕೆಂಡು ಹೋಗುತ್ತೆ. 2019ರ ಬಾರ್ಸಿಲೋನಾ ಟೆಸ್ಟಿಂಗ್ ನೆನಪಿದೆಯಲ್ಲ? ಫೆರಾರಿಯ ವೆಟೆಲ್ ಮೊದಲು, ಮರ್ಸಿಡಿಸ್‌ನ ಹ್ಯಾಮಿಲ್ಟನ್ ಬರೀ 0.003 ಸೆಕೆಂಡು ಹಿಂದೆ. ಫೆರಾರಿಯದೇ ವರ್ಷ ಅಂದವರು ಎಷ್ಟು ಜನ! ಆದರೆ ಸೀಸನ್‌ನ ಮೊದಲ ರೇಸ್ ಮೆಲ್ಬರ್ನ್‌ನಲ್ಲಿ ಗೆದ್ದಿದ್ದು ಮರ್ಸಿಡಿಸ್‌ನ ಬೊಟ್ಟಾಸ್, ವೆಟೆಲ್ ನಾಲ್ಕನೇ ಸ್ಥಾನ. ಮೊದಲ ಐದು ರೇಸ್‌ಗಳಲ್ಲೂ ಮೊದಲೆರಡು ಸ್ಥಾನ ಮರ್ಸಿಡಿಸ್‌ಗೇ.

ನೋಡಬೇಕಾದ್ದು ಲಾಂಗ್ ರನ್. ಒಂದೇ ಸೆಟ್ ಟೈರಲ್ಲಿ ಸತತ 15-20 ಲ್ಯಾಪ್ ಓಡಿಸಿದಾಗ ಸಮಯ ಹೇಗೆ ಏರುತ್ತೆ ಅಂತ ಬರೆದಿಟ್ಟುಕೊಳ್ಳಿ. ಟೈರ್ ಯಾವುದು ಅನ್ನೋದನ್ನೂ ಬರೆಯಿರಿ; ಸಿ1 ಗಟ್ಟಿ, ಸಿ5 ಮೆತ್ತಗೆ. ಮಧ್ಯಾಹ್ನದ ಬಿಸಿಲಲ್ಲಿ ಓಡಿದ್ದನ್ನ ಸಂಜೆ ತಂಪಿನಲ್ಲಿ ಓಡಿದ್ದಕ್ಕೆ ಹೋಲಿಸಬೇಡಿ, ಲೆಕ್ಕ ಪೂರ್ತಿ ತಪ್ಪುತ್ತೆ. ಇನ್ನು ಒಟ್ಟು ಲ್ಯಾಪ್ ಎಷ್ಟು? ಗ್ಯಾರೇಜಲ್ಲೇ ನಿಂತ ಕಾರು ಎಷ್ಟು ವೇಗವಿದ್ದರೂ ನಾನಂತೂ ನಂಬಲ್ಲ.

ಮೂರೂ ದಿನ ಒಬ್ಬರೇ ನೋಡೋದು ಕಷ್ಟ. ಯಾರು ಯಾವ ದಿನ, ಯಾವ ತಂಡದ ಲಾಂಗ್ ರನ್ ಬರೆದುಕೊಳ್ತೀರಿ ಅಂತ ಮಂಗಳವಾರ ಸಂಜೆಯೊಳಗೆ ತಿಳಿಸಿ. ಸಂಜೆ ಹೊತ್ತಿಗೆ ಕನಿಷ್ಠ ಇಬ್ಬರು ಬೇಕೇ ಬೇಕು.