ಶುಗರ್ ಇದ್ದವರು ಜ್ವರ ಬರುವ ಮೊದಲೇ ಓದಿ

ಎಲ್ಲರಿಗೂ ಶರಣು. ಗೋಳಗುಮ್ಮಟದ ಕಡೆ ವಾಕಿಂಗ್ ಬರುವ ನಮ್ಮ ಗುಂಪಿನಲ್ಲಿ ಶುಗರ್ ಇರುವವರೇ ಜಾಸ್ತಿ, ಅಲ್ವಾ? ಕೊರೊನಾ ಯಾರಿಗಾದರೂ ಹತ್ತಬಹುದು. ಹತ್ತಿದ ಮೇಲೆ ಜೋರಾಗುವ ಭಯ ಮಾತ್ರ ಶುಗರ್ ಹಿಡಿತದಲ್ಲಿ ಇಲ್ಲದವರಿಗೆ ಹೆಚ್ಚು.

ಶುಗರ್ ಏರಿದ್ದರೆ ಬಿಳಿ ರಕ್ತಕಣಗಳು ಸರಿಯಾಗಿ ಹೋರಾಡುವುದಿಲ್ಲ. ಇತ್ತ ಸೋಂಕು ಬಂದರೆ ಒತ್ತಡದ ಹಾರ್ಮೋನುಗಳು ಏರಿ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಬರೀ ಗಂಜಿ ಕುಡಿದು ಮಲಗಿದರೂ ಶುಗರ್ ನೋಡುವ ಮೀಟರ್ 300 ತೋರಿಸಬಹುದು. ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಔಷಧ ಕೊಟ್ಟರಂತೂ ಇನ್ನಷ್ಟು ಏರುತ್ತದೆ. 2021ರಲ್ಲಿ ಬ್ಲ್ಯಾಕ್ ಫಂಗಸ್ ಹಾವಳಿ ನೆನಪಿದೆಯಲ್ಲ? ಅದಕ್ಕೆ ಸಿಕ್ಕವರಲ್ಲಿ ಬಹಳ ಮಂದಿ ಶುಗರ್ ಇದ್ದವರು, ಸ್ಟೀರಾಯ್ಡ್ ತೆಗೆದುಕೊಂಡವರು. ಆಕ್ಸಿಜನ್ ಇಳಿದವರಿಗೆ ಸ್ಟೀರಾಯ್ಡ್ ಜೀವ ಉಳಿಸುತ್ತದೆ, ಸುಳ್ಳಲ್ಲ. ಆದರೆ ಅದು ಅಂಗಡಿಯಲ್ಲಿ ನಾವೇ ಕೇಳಿ ತಂದು ನುಂಗುವ ಗುಳಿಗೆ ಅಲ್ಲ.

ಜ್ವರ ಬಂದಾಗ 'ಊಟಾನೇ ಮಾಡಿಲ್ಲ, ಇನ್ಸುಲಿನ್ ಯಾಕೆ' ಎಂದು ಸುಮ್ನೆ ಬಿಡಬೇಡಿ. ಎಷ್ಟು ಹಾಕಬೇಕೆಂದು ಡಾಕ್ಟರಿಗೆ ಫೋನ್ ಮಾಡಿ ಕೇಳಿ. ವಾಂತಿ, ಭೇದಿ ಇದ್ದಾಗ ಕೆಲವು ಶುಗರ್ ಗುಳಿಗೆ ನಿಲ್ಲಿಸಬೇಕಾಗುತ್ತದೆ, ಅದನ್ನೂ ಅವರೇ ಹೇಳಲಿ. ದಿನಕ್ಕೆ ಮೂರು ನಾಲ್ಕು ಸಲ ಬೆರಳು ಚುಚ್ಚಿ ನೋಡಿ, ಚೀಟಿಯಲ್ಲಿ ಬರೆದಿಡಿ. ನೀರು, ತೆಳು ಮಜ್ಜಿಗೆ ಕುಡಿಯುತ್ತಿರಿ. ವಾಂತಿ ನಿಲ್ಲದಿದ್ದರೆ, ಉಸಿರು ಜೋರಾದರೆ, ಮಂಪರು ಬಂದರೆ ಸೀದಾ ಆಸ್ಪತ್ರೆಗೆ ಹೋಗಿ.

ಕಾಕಾರೇ, ಹಾಗಲಕಾಯಿ ರಸ ಕುಡಿದರೆ ಶುಗರ್ ಗುಳಿಗೆ ಬೇಡ ಎನ್ನುವ ಆ ವಿಡಿಯೊ ಗುಂಪಿನಲ್ಲಿ ಮತ್ತೆ ಹಾಕಬೇಡಿ! ರಸ ಬೇಕಾದರೆ ಕುಡಿಯಿರಿ, ಗುಳಿಗೆ ಬಿಟ್ಟು ಅಲ್ಲ. ಮೀಟರ್ ಇಲ್ಲದವರು ಹೇಳಿ, ನಮ್ಮ ಮನೆಯದು ಕೊಡುತ್ತೇನೆ. ಸೂಜಿ ಮಾತ್ರ ನಿಮ್ಮದೇ ಹೊಸದು ತನ್ನಿ.