ಬ್ರೂಕ್ ದೊರೆಗಳನ್ನು ಅಷ್ಟೊಂದು ಹೊಗಳಬೇಡ ಮಾರಾಯ

ಪ್ರಿಯ ಶ್ರೀಧರ,

ಮಲೇಷ್ಯಾದ ಸರವಾಕ್ ರಾಜ್ಯದ ಕುಚಿಂಗ್ ನೋಡಿ ಬಂದವನು, ಹಿಂದೆ ಆ ನಾಡನ್ನಾಳಿದ ಇಂಗ್ಲಿಷರ ಬ್ರೂಕ್ ಮನೆತನದ ಭಕ್ತನೇ ಆಗಿಬಿಟ್ಟಿದ್ದೀಯಲ್ಲ! ಮರುಳಾಗುವಂಥ ಕಥೆಯೇ ಬಿಡು. ಕಾಶಿ ಹತ್ತಿರ ಹುಟ್ಟಿದವನು, ಕಂಪನಿ ಸೈನ್ಯದಲ್ಲಿದ್ದು ಬರ್ಮಾ ಯುದ್ಧದಲ್ಲಿ ಗಾಯಗೊಂಡವನು ಜೇಮ್ಸ್ ಬ್ರೂಕ್. ಅಪ್ಪ ಬಿಟ್ಟುಹೋದ 30,000 ಪೌಂಡಿನಲ್ಲಿ ಹಡಗು ಕೊಂಡು 1839ರಲ್ಲಿ ಬೋರ್ನಿಯೋ ಮುಟ್ಟಿದ. ಬ್ರೂನೈ ಸುಲ್ತಾನನ ಕಡೆಯವರಿಗೆ ದಂಗೆ ಅಡಗಿಸಿಕೊಟ್ಟು 1841ರಲ್ಲಿ ಸರವಾಕಿಗೆ ರಾಜನಾದ. ಆಮೇಲೆ ನಮ್ಮ ತುಳುನಾಡಿನ ಅಳಿಯಕಟ್ಟಿನ ಹಾಗೆ ಸೋದರಳಿಯ ಚಾರ್ಲ್ಸ್‌ಗೆ ಪಟ್ಟ, ಅವನ ನಂತರ ಮಗ ವೈನರ್‌ಗೆ.

ಚಾರ್ಲ್ಸ್ ಯುರೋಪಿನ ದೊಡ್ಡ ತೋಟದ ಕಂಪನಿಗಳನ್ನು ಬಹುಮಟ್ಟಿಗೆ ದೂರವಿಟ್ಟ, ನೀನು ಫೋಟೋ ಕಳಿಸಿದ ಮ್ಯೂಸಿಯಮ್ಮನ್ನೂ ಕಟ್ಟಿಸಿದ. ಅದು ಸರಿ. ಆದರೆ 'ತಲೆ ಕಡಿಯುವ ಪದ್ಧತಿ ನಿಲ್ಲಿಸಿದ ಪುಣ್ಯಾತ್ಮರು' ಅಂತ ಬರೆದಿದ್ದೀಯಲ್ಲ, ನನ್ನ ತಕರಾರು ಅಲ್ಲೇ. 1849ರಲ್ಲಿ ಬೆಟಿಂಗ್ ಮರಾವ್ ಎಂಬಲ್ಲಿ ಜೇಮ್ಸ್ ಬ್ರೂಕನ ಕಡೆಯವರೂ ಬ್ರಿಟಿಷ್ ನೌಕಾಪಡೆಯೂ ಸೇರಿ ಅಲ್ಲಿನ ಬುಡಕಟ್ಟು ಜನರಾದ ಇಬಾನರ ದೋಣಿಗಳನ್ನು ರಾತ್ರಿ ಹೊಂಚುಹಾಕಿ ಸುತ್ತುವರಿದರು. ನೆಮಿಸಿಸ್ ಅನ್ನುವ ಉಗಿಹಡಗು ಆ ದೋಣಿಗಳ ಮೇಲೇ ಹಾಯ್ದು, ಅದರ ಚಕ್ರಕ್ಕೆ ಸಿಕ್ಕವರು ಅರೆದುಹೋದರು. ಸತ್ತವರನ್ನು ಕಡಲ್ಗಳ್ಳರ ಲೆಕ್ಕಕ್ಕೆ ಹಾಕಿ, ತಲೆಗಿಷ್ಟು ಅಂತ ಬ್ರಿಟಿಷ್ ನೌಕಾಪಡೆಗೆ ಇನಾಮು ಸಂದಾಯವಾಯಿತು. ಮುಂದೆ ಒಳನಾಡಿನ ಬಂಡಾಯಗಾರರ ಮೇಲೆ ದಂಡೆತ್ತಿ ಹೋದಾಗ ಚಾರ್ಲ್ಸ್ ಬಳಸಿದ್ದು ಇಬಾನರ ಮೇಲೆ ಇಬಾನರನ್ನೇ. ಆ ದಂಡಿನಲ್ಲಿ ಕಡಿದ ತಲೆಯನ್ನು ಅವರು ಮನೆಗೆ ಒಯ್ಯಬಹುದಿತ್ತು. ಸರ್ಕಾರಿ ದಂಡಿನಲ್ಲಿ ಕಡಿದರೆ ಶೌರ್ಯ, ತಾವಾಗಿ ಕಡಿದರೆ ಅಪರಾಧ!

ಕೊನೆಗೇನಾಯಿತು? ಜಪಾನೀಯರು ಬಂದಾಗ ವೈನರ್ ಆಸ್ಟ್ರೇಲಿಯಾದಲ್ಲಿದ್ದ. ಯುದ್ಧ ಮುಗಿದ ಮೇಲೆ 1946ರಲ್ಲಿ ನಾಡನ್ನೇ ಬ್ರಿಟನ್ನಿಗೆ ಬರೆದುಕೊಟ್ಟ, ಮನೆ-ಜಮೀನು ಮಾರಿದಷ್ಟೇ ಸಲೀಸಾಗಿ. ಸರವಾಕಿನ ಶಾಸನ ಸಭೆಯಲ್ಲಿ ಅದು ಪಾಸಾದದ್ದು 19-16 ಮತಗಳಿಂದ, ಅದೂ ಅಲ್ಲಿ ಕೂತಿದ್ದ ಯುರೋಪಿಯನ್ನರ ಮತ ಸೇರಿ. ವಿರೋಧಿಸಿದವರಲ್ಲಿ ಬಹಳ ಜನ ವೈನರನ ತಮ್ಮನ ಮಗ ಆಂಥನಿಯ ಬೆನ್ನಿಗೆ ನಿಂತರು. ಇದು ನಿನ್ನ ವಾದಕ್ಕೇ ಬಲ ಕೊಡುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೂ 1949ರಲ್ಲಿ ಸಿಬು ಪಟ್ಟಣದಲ್ಲಿ ಹೊಸ ಬ್ರಿಟಿಷ್ ಗವರ್ನರ್ ಡಂಕನ್ ಸ್ಟುವರ್ಟ್‌ಗೆ ಚೂರಿ ಹಾಕಿ ಮರುವರ್ಷ ಗಲ್ಲಿಗೇರಿದವನು ರೋಸ್ಲಿ ಧೋಬಿ ಎಂಬ ಹದಿಹರೆಯದ ಹುಡುಗ. ಬ್ರೂಕ್ ಮನೆಯವರಂತೂ ಯಾರೂ ಗಲ್ಲಿಗೇರಲಿಲ್ಲ.

ಮುಂದಿನ ಸಲ ಹೋದರೆ ಕುಚಿಂಗಿಗೇ ನಿಲ್ಲಬೇಡ, ಸಿಬುವಿಗೂ ಹೋಗು. ಅಲ್ಲಿಯವರು ರೋಸ್ಲಿಯ ಬಗ್ಗೆ ಏನಂತಾರೆ ಕೇಳಿಕೊಂಡು ಬಂದು ಬರಿ.

ಇಂತಿ ನಿನ್ನ,
ಗೆಳೆಯ