ಪುಟ್ಟಿ, ನಿನ್ನ ವಿಯೆಟ್ನಾಂ ಲೆಕ್ಕ ನೋಡಿದೆ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಖರ್ಚಿನ ಪಟ್ಟಿ ನೋಡಿದೆ. ಮೂರು ವಾರ ವಿಯೆಟ್ನಾಂ, ದಿನಕ್ಕೆ ಎರಡು ಸಾವಿರ ರೂಪಾಯಿ. "ಇಷ್ಟರಲ್ಲಿ ಆಗುತ್ತಾ?" ಅಂತ ಅಪ್ಪ ಕೇಳುತ್ತಲೇ ಇದ್ದಾರೆ. ಆಗುತ್ತೆ. ಸಕಲೇಶಪುರದಿಂದ ಬೆಂಗಳೂರಿಗೆ ಹೋಗಿ ಒಂದು ರಾತ್ರಿ ಉಳಿದು ಬಂದರೆ ಇದಕ್ಕಿಂತ ಜಾಸ್ತಿ ಖರ್ಚು ಅಂತ ಅವರ ಬಾಯಿ ಮುಚ್ಚಿಸಿದ್ದೇನೆ. ಬೆಳೆಗಾರರ ಗುಂಪಿನ ಜೊತೆ ನಾವು ಹೋದಾಗ ಏಸಿ ಬಸ್ಸು, ಏಸಿ ಹೋಟೆಲು, ಗೈಡ್ ತೋರಿಸಿದ್ದೇ ಊರು. ದುಡ್ಡು ಜಾಸ್ತಿ ಹೋಯಿತು, ನೋಡಿದ್ದು ಕಮ್ಮಿ. ಬೆನ್ನಿಗೊಂದು ಬ್ಯಾಗು ಹಾಕಿಕೊಂಡು ಗೆಳತಿಯ ಜೊತೆ ಹೊರಡುವ ನಿನ್ನ ರೀತಿಯೇ ಸರಿ. ಎಲ್ಲಿ ಕೈ ಬಿಗಿ ಮಾಡಬೇಕು, ಎಲ್ಲಿ ಸಡಿಲ ಬಿಡಬೇಕು ಅನ್ನುವುದರಲ್ಲಿ ಮಾತ್ರ ನನ್ನ ತಕರಾರಿದೆ.

ಮೊದಲು ಬೈಕಿನ ವಿಷಯ. ಹಾ ಜಿಯಾಂಗ್ ಗುಡ್ಡಗಳಲ್ಲಿ ಬಾಡಿಗೆ ಬೈಕ್ ತಗೊಂಡು ನೀವೇ ಓಡಿಸುತ್ತೀರಿ ಅಂತ ಬರೆದಿದ್ದೀಯ. ಬೇಡ. ನಿನಗೆ ಓಡಿಸೋಕೆ ಬರಲ್ಲ ಅಂತಲ್ಲ, ಮಳೆಗಾಲದಲ್ಲಿ ಶಿರಾಡಿ ಘಾಟಿ ಇಳಿದವಳು ನೀನು. ತೊಂದರೆ ಇರುವುದು ಕಾಗದದಲ್ಲಿ. ನಮ್ಮ ಆರ್‌ಟಿಓ ಕೊಡುವ ಇಂಟರ್‌ನ್ಯಾಷನಲ್ ಪರ್ಮಿಟ್ 1949ರ ಜಿನೀವಾ ಒಪ್ಪಂದದ್ದು. ವಿಯೆಟ್ನಾಂನವರು ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ ಪರ್ಮಿಟ್. ಬೈಕ್ ಬಾಡಿಗೆಗೆ ಕೊಡುವವರು ಎಷ್ಟೋ ಸಲ ಇದನ್ನೆಲ್ಲ ಕೇಳುವುದಿಲ್ಲ, ಸುಮ್ನೆ ಕೀ ಕೈಗೆ ಕೊಡುತ್ತಾರೆ. ಬಿದ್ದು ಕಾಲು ಮುರಿದ ಮೇಲೆ ಇನ್ಶೂರೆನ್ಸ್‌ನವರು ಕೇಳುತ್ತಾರೆ. ಅಲ್ಲಿನ ಹುಡುಗರೇ ಬೈಕ್ ಓಡಿಸಿ ನಮ್ಮನ್ನು ಹಿಂದೆ ಕೂರಿಸಿಕೊಂಡು ಹೋಗುವ ವ್ಯವಸ್ಥೆ ಇದೆ, ಈಸಿ ರೈಡರ್ ಅಂತಾರೆ. ದುಡ್ಡು ಜಾಸ್ತಿ. ಕೊಡು. ಮಾ ಪಿ ಲೆಂಗ್ ಘಾಟಿಯಲ್ಲಿ ಕೆಳಗೆ ನ್ಯೋ ಕ್ವೆ ನದಿ ಹಸಿರು ದಾರದ ಹಾಗೆ ಕಾಣುತ್ತದಂತೆ. ಹಿಂದೆ ಕೂತವರಿಗೆ ತಾನೇ ಅದನ್ನು ನೋಡೋಕೆ ಪುರುಸೊತ್ತು?

ಇನ್ನು ನೋಟು. ಒಂದು ರೂಪಾಯಿಗೆ ಹೆಚ್ಚುಕಮ್ಮಿ 300 ಡಾಂಗ್. ಮೂರು ಸೊನ್ನೆ ಕಿತ್ತು ಮೂರರಿಂದ ಗುಣಿಸಿ, ಸ್ವಲ್ಪ ಮೇಲೆ ಹಾಕು, ರೂಪಾಯಿ ಸಿಕ್ಕಿತು. ಎಚ್ಚರ ಬೇಕಿರುವುದು ಬೇರೆ ಕಡೆ. 20,000ದ ನೋಟೂ ನೀಲಿ, 5,00,000ದ ನೋಟೂ ನೀಲಿ. ಎರಡೂ ಪ್ಲಾಸ್ಟಿಕ್ಕು, ಎರಡರಲ್ಲೂ ಹೊ ಚಿ ಮಿನ್ ಮುಖ. ಒಂದು ನಮ್ಮ 65 ರೂಪಾಯಿ, ಇನ್ನೊಂದು 1,600ಕ್ಕೂ ಜಾಸ್ತಿ. ಸಂಜೆ ಸಂತೆಯ ಮಬ್ಬು ಬೆಳಕಿನಲ್ಲಿ ಬೆರಳಿಗೆ ಎರಡೂ ಒಂದೇ. ದೊಡ್ಡದನ್ನು ಪರ್ಸಿನ ಬೇರೆ ಖಾನೆಯಲ್ಲಿಡು. ಇ-ವೀಸಾವನ್ನು ಸರ್ಕಾರದ ವೆಬ್‌ಸೈಟಿನಲ್ಲೇ ಮಾಡಿಸು, ಒಂದು ಸಲದ ಪ್ರವೇಶಕ್ಕೆ 25 ಡಾಲರ್. ಅದೇ ಥರ ಕಾಣುವ ಖಾಸಗಿ ಸೈಟುಗಳು ಎರಡು ಮೂರು ಪಟ್ಟು ಕೀಳುತ್ತವೆ.

ರಾತ್ರಿ ಸ್ಲೀಪರ್ ಬಸ್ಸಿನಲ್ಲಿ ಹೋದರೆ ಒಂದು ರಾತ್ರಿಯ ಹಾಸ್ಟೆಲ್ ದುಡ್ಡು ಉಳಿಯುತ್ತೆ, ಒಪ್ಪಿದೆ. ಹತ್ತುವಾಗಲೇ ಚಪ್ಪಲಿ ಬಿಚ್ಚಿಸಿ ಕೈಗೊಂದು ಪ್ಲಾಸ್ಟಿಕ್ ಕವರ್ ಕೊಡುತ್ತಾರೆ, ಅದರಲ್ಲಿ ಹಾಕಿಕೊಂಡು ಒಳಗೆ ಹೋಗಬೇಕು. ಮೂರು ಸಾಲು, ಎರಡು ಅಂತಸ್ತು. ಅಲ್ಲಿನವರ ಅಳತೆಗೆ ಮಾಡಿದ ಸೀಟು, ನಿನ್ನ ಉದ್ದಕ್ಕೆ ಮೊಣಕಾಲು ಮಡಚಿಯೇ ಮಲಗಬೇಕಾಗಬಹುದು. ಆದರೆ ಹುಯೆಯಿಂದ ಡಾ ನಾಂಗ್‌ಗೆ ಮಾತ್ರ ಹಗಲು ರೈಲೇ ಹಿಡಿ. ಹನೋಯ್‌ಯಿಂದ ಸೈಗಾನ್‌ವರೆಗೆ 1,726 ಕಿಲೋಮೀಟರ್ ಓಡುವ ಹಳಿ ಅದು, 1936ರಲ್ಲಿ ಪೂರ್ತಿ ಆಗಿದ್ದು. ಯುದ್ಧದಲ್ಲಿ ತುಂಡು ತುಂಡಾಗಿ, 1976ರಲ್ಲಿ ಮತ್ತೆ ಒಂದಾಯಿತು. ಪೂರ್ತಿ ದಾರಿ ಕೂರಬೇಡ, ಬೇಜಾರು ಬರುತ್ತೆ. ಹಾಯ್ ವಾನ್ ಗುಡ್ಡ ಬಳಸಿ ಸಮುದ್ರದ ಅಂಚಿಗೇ ಹೋಗುವ ಆ ಮೂರು ಗಂಟೆ ಸಾಕು. ದಕ್ಷಿಣಕ್ಕೆ ಹೋಗುವಾಗ ಎಡಗಡೆ ಕಿಟಕಿ ಕೇಳು.

ಊಟದ ಬಗ್ಗೆ ಅಜ್ಜಿಗೆ ಚಿಂತೆ. ಚಿಂತೆ ಸುಳ್ಳಲ್ಲ. ತರಕಾರಿ ಅಂತ ಕೊಟ್ಟಿದ್ದರಲ್ಲೂ ಮೀನಿನ ಸಾಸ್ ಇರುತ್ತೆ. "ವೆಜ್" ಅಂದರೆ ಅರ್ಥ ಆಗಲ್ಲ, "ಅನ್ ಚಾಯ್" ಅನ್ನು. ಬೌದ್ಧರ ಸಸ್ಯಾಹಾರಿ ಊಟದ ಅಂಗಡಿಗಳು ಊರೂರಲ್ಲೂ ಇವೆ, ಬೋರ್ಡಿನಲ್ಲಿ 'ಕಮ್ ಚಾಯ್' ಅಂತ ಇರುತ್ತೆ. ಅನ್ನ, ತೋಫು, ಸೊಪ್ಪು, ಒಂದು ಬಟ್ಟಲು ಸಾರು, ಎಲ್ಲ ಸೇರಿ ನೂರು, ನೂರೈವತ್ತು ರೂಪಾಯಿ. ಚಾಂದ್ರಮಾನ ತಿಂಗಳ ಮೊದಲನೇ ದಿನ ಮತ್ತು ಹುಣ್ಣಿಮೆಗೆ ತುಂಬಾ ಜನ ಮಾಂಸ ಬಿಡುತ್ತಾರೆ, ಆವತ್ತು ಆಯ್ಕೆ ಇನ್ನೂ ಜಾಸ್ತಿ. ಚಟ್ನಿಪುಡಿ ಒಯ್ಯಿ, ಆದರೆ ದಿನಾ ಅದನ್ನೇ ತಿಂದುಕೊಂಡು ಬರಬೇಡ.

ಹೊಯ್ ಆನ್‌ನಲ್ಲಿ ನಾಲ್ಕು ದಿನ ಯಾಕೆ ಹಾಕಿದ್ದೀಯೋ ಗೊತ್ತಿಲ್ಲ. ಗೂಡುದೀಪ, ದರ್ಜಿ ಅಂಗಡಿ, ಫೋಟೋ ತೆಗೆಯುವವರ ನೂಕುನುಗ್ಗಲು. ಎರಡು ದಿನ ಸಾಕು. ಅದರಲ್ಲಿ ಒಂದು ಬೆಳಿಗ್ಗೆ ಬೇಗ ಎದ್ದು ಮಿ ಸನ್‌ಗೆ ಹೋಗು. ಚಂಪಾ ರಾಜರ ಶಿವ ದೇವಸ್ಥಾನಗಳು, ಸುಟ್ಟ ಇಟ್ಟಿಗೆಯವು. 1969ರಲ್ಲಿ ಅಮೆರಿಕದ ಬಾಂಬಿಗೆ ಎಷ್ಟೋ ನೆಲಸಮ ಆದವು, ಗುಂಡಿಗಳು ಇನ್ನೂ ಇವೆ. ನಮ್ಮ ಪುರಾತತ್ವ ಇಲಾಖೆಯವರು ರಿಪೇರಿ ಮಾಡುತ್ತಿದ್ದಾಗ 2020ರಲ್ಲಿ ಒಂಬತ್ತನೇ ಶತಮಾನದ ಶಿವಲಿಂಗ ಸಿಕ್ಕಿತು. ಅಜ್ಜಿಗೆ ಅದರ ಫೋಟೋ ಬೇಕಂತೆ.

ಹೊಯ್ ಆನ್‌ನಿಂದ ಉಳಿಸಿದ ಎರಡು ದಿನ ಬುವಾನ್ ಮಾ ಥುವಾಟ್‌ಗೆ ಕೊಡು. ಕಾಫಿ ತೋಟದಲ್ಲಿ ಹುಟ್ಟಿ ಆ ಊರನ್ನೇ ಹೇಗೆ ಬಿಟ್ಟೆ ಮಾರಾಯ್ತಿ? ನ್ಯಾ ಚಾಂಗ್‌ನಿಂದ ಬಸ್ಸಿನಲ್ಲಿ ಘಾಟಿ ಹತ್ತಿದರೆ ನಾಲ್ಕೈದು ಗಂಟೆ. ಬ್ಯಾಕ್‌ಪ್ಯಾಕ್ ಹುಡುಗರು ಕಮ್ಮಿ, ಹಾಗಾಗಿ ರೂಮೂ ಅಗ್ಗ. ಜಗತ್ತಿನಲ್ಲಿ ರೊಬಸ್ಟಾ ಕಾಫಿ ಅತಿ ಹೆಚ್ಚು ಬೆಳೆಯುವುದು ವಿಯೆಟ್ನಾಂ, ಅದಕ್ಕೆ ರಾಜಧಾನಿ ಇದ್ದ ಹಾಗೆ ಈ ಊರು. ಬೆಳಿಗ್ಗೆ ಎದ್ದು ಲಂಡನ್ ಮಾರುಕಟ್ಟೆಯ ಕಾಫಿ ರೇಟ್ ನೋಡಿ ಅಪ್ಪ ಸಿಡುಕುವುದೋ ಶಿಳ್ಳೆ ಹೊಡೆಯುವುದೋ ಅರ್ಧ ತೀರ್ಮಾನ ಆಗುವುದು ಅಲ್ಲಿನ ಮಳೆಯ ಮೇಲೆ. 2024ರಲ್ಲಿ ಅಲ್ಲಿ ಬರ ಬಿತ್ತು, ಇಲ್ಲಿ ರೊಬಸ್ಟಾ ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, 50 ಕೆಜಿ ಮೂಟೆ 10,000 ರೂಪಾಯಿ ದಾಟಿತು. ನಿನ್ನ ಟಿಕೆಟಿಗೆ ಕೊಟ್ಟ ದುಡ್ಡು ಆ ವರ್ಷದ್ದೇ. ಅವರ ಬಾವಿ ಒಣಗಿದ್ದಕ್ಕೆ ನಮಗೆ ದುಡ್ಡು ಬಂತು. ಹೇಳೋಕೆ ಚೆನ್ನಾಗಿಲ್ಲ, ಆದರೆ ನಿಜ.

ತೋಟ ನೋಡಿದರೆ ನಿನಗೆ ಆಶ್ಚರ್ಯ ಆಗುತ್ತೆ. ನಮ್ಮ ಥರ ಸಿಲ್ವರ್ ಓಕ್, ಹಲಸು, ಮತ್ತಿ ಮರಗಳ ನೆರಳು ಕಮ್ಮಿ. ಎಷ್ಟೋ ಕಡೆ ಬಟಾಬಯಲು, ಬಿಸಿಲಲ್ಲೇ ಸಾಲು ಸಾಲು ಗಿಡ. ನಮ್ಮಲ್ಲಿ ಸ್ಪ್ರಿಂಕ್ಲರ್ ಜೆಟ್ ತಿರುಗಿದರೆ, ಅಲ್ಲಿ ಒಬ್ಬರು ಹೋಸ್ ಹಿಡಿದು ಒಂದೊಂದು ಬುಡದ ಪಾತಿಗೂ ನೀರು ತುಂಬಿಸುತ್ತಾ ಹೋಗುತ್ತಾರೆ. ಗೊಬ್ಬರವೂ ಹಾಗೇ ಸುರಿಯುತ್ತಾರೆ. ಹೆಕ್ಟೇರಿಗೆ ನಮ್ಮ ಎರಡರಷ್ಟಕ್ಕೂ ಮೇಲೆ ಇಳುವರಿ. ಕಾಳುಮೆಣಸಿನ ಬಳ್ಳಿ ಮರಕ್ಕಲ್ಲ, ಕಾಂಕ್ರೀಟ್ ಕಂಬಕ್ಕೆ. ಆ ಮೆಣಸೇ ಇಲ್ಲಿಗೆ ಬಂದು ನಮ್ಮ ರೇಟ್ ಇಳಿಸುತ್ತೆ ಅಂತ ಅಪ್ಪ ಗೊಣಗುವುದು ಕೇಳಿದ್ದೀಯಲ್ಲ. 2017ರಲ್ಲಿ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಹಾಕಿದ್ದು ಈ ಗಲಾಟೆಗೇ. ಅಪ್ಪನ ಬೈಗುಳವನ್ನು ಅಲ್ಲಿಗೆ ಹೊತ್ತುಕೊಂಡು ಹೋಗಬೇಡ. ಆ ಕಡೆಯೂ ನಮ್ಮಂಥ ಸಣ್ಣ ಬೆಳೆಗಾರರೇ ಜಾಸ್ತಿ.

ಯಾರಾದರೂ ತೋಟಕ್ಕೆ ಕರೆದರೆ ಹೋಗು. ಪುಟ್ಟ ಲೋಹದ ಫಿಲ್ಟರನ್ನು ಲೋಟದ ಮೇಲಿಟ್ಟು, ಕೆಳಗೆ ಮಂದ ಸಿಹಿ ಹಾಲು ಹಾಕಿ ಕಾಫಿ ಕೊಡುತ್ತಾರೆ. ಹನಿ ಹನಿ ಇಳಿಯುವವರೆಗೆ ಕಾಯಬೇಕು. ನೀನು ಮಾತಾಡಿಸಬೇಕಿರುವುದು ಆ ಹೊತ್ತಿನಲ್ಲೇ. ಫೋನಿನ ಅನುವಾದ ಸಾಕು. ಕಿಲೋಗೆ ಎಷ್ಟು ಸಿಗುತ್ತೆ, ಆಳಿನ ಕೂಲಿ ಎಷ್ಟು, ಬೋರ್ ಎಷ್ಟು ಆಳಕ್ಕೆ ಹೋಗಿದೆ, ಮೆಣಸಿನ ಸೊರಗು ರೋಗಕ್ಕೆ ಏನು ಹಾಕುತ್ತಾರೆ, ಎಲ್ಲ ಕೇಳಿ ಬರೆದುಕೋ. ಔಷಧಿ ಬಾಟಲಿ ಕಂಡರೆ ಲೇಬಲ್ಲಿನ ಫೋಟೋ ತೆಗೆದು ನನಗೆ ಕಳಿಸು. ಅಪ್ಪನಿಗೆ ಕಳಿಸಬೇಡ, ಆಮೇಲೆ ರಾತ್ರಿಯೆಲ್ಲಾ ವಾಟ್ಸಾಪ್ ಗ್ರೂಪಿನಲ್ಲಿ ಅದೇ ಚರ್ಚೆ.

ನಿನ್ನ
ಅಮ್ಮ